ಕಿಟಕಿ ಸೀಟು ಬಿಟ್ಟು ನಿಂತವಳು

ನನ್ನ ಹಳೆಯ ರೋಗಿ ಶಾಲಿನಿ ನನಗೆ ಆ ಮಾತು ಹೇಳಿದ್ದಳೋ ಇಲ್ಲವೋ, ಈಗ ನನಗೆ ಖಾತ್ರಿಯಿಲ್ಲ. ಮುಟ್ಟಿನ ದಿನಗಳಲ್ಲಿ, ಮುಂಬಯಿ ಪಕ್ಕದ ಠಾಣೆ ಊರಿನಿಂದ ರಬಾಳೆಗೆ ಹೋಗುವ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿದ್ದರೂ ಅವಳು ನಿಂತೇ ಹೋಗುತ್ತಿದ್ದಳು ಎಂದು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದಿದ್ದೇನೆ. ಎಂಡೊಮೆಟ್ರಿಯೋಸಿಸ್‌ನ ನನ್ನ ಪಾಠ ಶುರುವಾಗುತ್ತಿದ್ದುದೇ ಆ ಸೀಟಿನಿಂದ. ಒಂದು ಕಥೆಯನ್ನು ಅಷ್ಟು ಸಲ ಹೇಳಿದ ಮೇಲೆ ಅದು ನಡೆದದ್ದೋ, ಪಾಠಕ್ಕೆ ಅನುಕೂಲವಾಗಲೆಂದು ನಾನೇ ಹೊಲಿದುಕೊಂಡದ್ದೋ ತಿಳಿಯದಂತಾಗುತ್ತದೆ.

ಅನುಮಾನಕ್ಕೆ ಕಾರಣಗಳಿವೆ. ಠಾಣೆ ಸ್ಟೇಷನ್ನಿನಲ್ಲಿ ಕಿಟಕಿ ಸೀಟು ಖಾಲಿ ಇತ್ತೆಂದು ಯಾರಾದರೂ ಹೇಳಿದರೆ ಈ ಕಡೆಯ ಜನ ನಂಬುವುದಿಲ್ಲ. ಹಾಗೆ ಖಾಲಿ ಇದ್ದರೆ ಅಲ್ಲಿ ಯಾರೋ ವಾಂತಿ ಮಾಡಿರಬೇಕು ಎನ್ನುತ್ತಾರೆ. ಇನ್ನೊಂದು ಕಾರಣ ನಮ್ಮ ಮೇಡಂ. ಅವರು ಆಸ್ಪತ್ರೆಯಲ್ಲಿ ನಮ್ಮ ಯೂನಿಟ್ಟಿನ ಮುಖ್ಯಸ್ಥೆ. ಹೊರರೋಗಿ ವಿಭಾಗದ ಮರದ ಬೆಂಚನ್ನು ಅವರು ಸ್ಟೆತೊಸ್ಕೋಪಿನಷ್ಟೇ ನಂಬುತ್ತಿದ್ದರು. ಯಾರು ಹೇಗೆ ಕೂರುತ್ತಾರೆ, ಯಾರು ಕೂರುವುದೇ ಇಲ್ಲ ಎಂದು ಬಾಗಿಲಿನಿಂದ ನೋಡಿದ ಮೇಲೆಯೇ ಕೇಸ್ ಪೇಪರು ಓದುತ್ತಿದ್ದರು. ಅವರ ಆ ಬೆಂಚು ನನ್ನ ತಲೆಯೊಳಗೆ ಯಾವಾಗಲೋ ರೈಲು ಹತ್ತಿರಬಹುದು.

ನಾನು ಧಾರವಾಡದ ಕಡೆಯವನು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಹೊಟ್ಟೆಪಾಡಿಗೆ ಈ ಕಡೆ ಬಂದು, ಠಾಣೆಯ ಒಂದು ಸರಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ರೋಗಿಗಳನ್ನು ನೋಡುತ್ತ, ಹುಡುಗರಿಗೆ ಕಲಿಸುತ್ತ ನಿವೃತ್ತನಾದೆ. ಈಗ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅತ್ತಿಂದಿತ್ತ ಓಡಾಡುವುದೇ ನನ್ನ ಉದ್ಯೋಗ. ನಮ್ಮ ಸೊಸೈಟಿಯ ಎರಡನೆಯ ಮಹಡಿಯ ಪಲ್ಲವಿ ನವಿ ಮುಂಬಯಿಯಲ್ಲಿ ಎಂಬಿಬಿಎಸ್ ಕೊನೆಯ ವರ್ಷ ಓದುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಅವಳ ತಾಯಿ ಅವಳನ್ನು ನನ್ನ ಬಳಿ ಕಳಿಸಿದರು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ನಡುದಾರಿಯಲ್ಲಿ ಹಿಂದಿಗೆ ಗಾಡಿ ಬದಲಿಸುತ್ತದೆ.

"ಅಂಕಲ್, ಎಂಡೊಮೆಟ್ರಿಯೋಸಿಸ್ ಫಟಾಫಟ್ ಮಾಡ್ಸಿ. ಡೆಫಿನಿಷನ್, ಸೈಟ್ಸ್, ಥಿಯರಿ, ಟ್ರೀಟ್‌ಮೆಂಟ್. ಬಸ್."

"ಕಿಟಕಿ ಸೀಟಿನಿಂದ ಶುರು ಮಾಡೋಣು," ಅಂದೆ.

"ವೋ ಸಿಲೆಬಸ್ ಮೇಂ ನಹೀ ಹೈ."

ಹಾಗಾಗಿ ಸಿಲೆಬಸ್ಸಿನಿಂದಲೇ ಆರಂಭಿಸಿದೆವು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಈ ಕಾಯಿಲೆ. ಅಂಡಾಶಯದ ಮೇಲೆ ಹೆಚ್ಚು. ಹೊಟ್ಟೆಯ ಒಳಗೋಡೆಯ ಮೇಲೆ, ಗರ್ಭಕೋಶವನ್ನು ಹಿಂದಿನಿಂದ ಹಿಡಿದ ತಂತುಗಳ ಮೇಲೆ, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ತಗ್ಗಿನಲ್ಲಿ. ಆ ತಗ್ಗಿಗೆ ಪರೀಕ್ಷೆಯಲ್ಲಿ ಒಬ್ಬ ಸಾಹೇಬನ ಹೆಸರು ಬರೆಯಬೇಕು; ನೋವು ಯಾರದೋ, ಹೆಸರು ಯಾರದೋ. ತಿಂಗಳ ಹಾರ್ಮೋನಿಗೆ ಒಳಪದರ ಹೇಗೆ ಓಗೊಡುತ್ತದೆಯೋ ಹೊರಗಿನ ಈ ಅಂಗಾಂಶವೂ ಹಾಗೆಯೇ ಓಗೊಡುತ್ತದೆ. ಆದರೆ ಅದರ ರಕ್ತಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಸುತ್ತಲೂ ಉರಿಯೂತ, ಗಾಯದ ಕಲೆ, ಒಂದಕ್ಕೊಂದು ಅಂಟಿಕೊಂಡ ಅಂಗಗಳು.

"ಅದು ಅಲ್ಲಿಗೆ ಹೋಗೋದು ಹೇಗೆ?" ಎಂದು ಕೇಳಿದೆ.

"ರೆಟ್ರೋಗ್ರೇಡ್ ಮೆನ್‌ಸ್ಟ್ರುಯೇಷನ್," ಎಂದು ಪಲ್ಲವಿ ಉಸಿರು ಬಿಡದೆ ಹೇಳಿದಳು.

"ಹಂಗಂದ್ರ?"

ಅವಳು ಪುಸ್ತಕ ಹುಡುಕಿದಳು. ನಾನು ಕಿಟಕಿಯಾಚೆ ತೋರಿಸಿದೆ. ಡೊಂಬಿವಲಿಯವರಿಗೆ ಇದನ್ನು ಬೇರೆ ಕಲಿಸಬೇಕೇ? ಮುಂಬಯಿಗೆ ಹೋಗಬೇಕಾದವರು ಬೆಳಿಗ್ಗೆ ಇಲ್ಲಿ ಗಾಡಿ ಹತ್ತಿ ಉಲ್ಟಾ ಕಲ್ಯಾಣ ಸ್ಟೇಷನ್ನಿಗೆ ಹೋಗುತ್ತಾರೆ, ಅದೇ ಗಾಡಿ ತಿರುಗಿ ಹೊರಡುವಾಗ ಸೀಟು ತಮ್ಮದಾಗಿರಲೆಂದು. ಮುಟ್ಟಿನ ರಕ್ತವೂ ಸ್ವಲ್ಪ ಹಾಗೆ ಉಲ್ಟಾ ಹೋಗಿ, ಅಂಡನಾಳದ ಮೂಲಕ ಹೊಟ್ಟೆಯೊಳಗೆ ಇಳಿಯುತ್ತದೆ. ಅದರಲ್ಲಿನ ಜೀವಕೋಶಗಳು ಅಲ್ಲಿ ಸೀಟು ಹಿಡಿಯುತ್ತವೆ.

ಪಲ್ಲವಿಗೆ ಖುಷಿಯಾಯಿತು. "ಯೇ ಮಸ್ತ್ ಹೈ! ಬರ್ಕೊಳ್ಳಲಾ?"

"ತಡಿ, ಇನ್ನೂ ಮುಗಿದಿಲ್ಲ. ಉಲ್ಟಾ ಹರಿವು ಬಹುತೇಕ ಎಲ್ಲ ಹೆಂಗಸರಿಗೂ ಇರ್ತದ. ಕಾಯಿಲೆ ಕೆಲವರಿಗಷ್ಟೇ. ಉಲ್ಟಾ ಹೋದವರೆಲ್ಲರಿಗೂ ಸೀಟು ಯಾಕ ಸಿಗಲಿಲ್ಲ?"

"ಟಿಸಿ ಹಿಡ್ದ?"

ನೂರಕ್ಕೆ ನೂರು. ದೇಹದ ರಕ್ಷಣಾ ವ್ಯವಸ್ಥೆ ಕೆಲವರಲ್ಲಿ ಟಿಕೆಟ್ ತಪಾಸಣೆಯಲ್ಲಿ ಸಡಿಲವಾಗುತ್ತದೆ, ವಂಶವಾಹಿಯ ಕೈವಾಡವೂ ಉಂಟು ಎನ್ನುತ್ತಾರೆ. ಆ ಜಾಗದ ಜೀವಕೋಶಗಳೇ ರೂಪ ಬದಲಿಸುತ್ತವೆ ಎಂಬುದು ಇನ್ನೊಂದು ವಾದ. ರಕ್ತನಾಳ ಮತ್ತು ದುಗ್ಧರಸ ನಾಳಗಳ ಮೂಲಕ ದೂರದ ಅಂಗಗಳಿಗೆ ಹೋಗುತ್ತವೆ ಎಂಬುದು ಮತ್ತೊಂದು. ಒಂದು ಕಾಯಿಲೆಗೆ ಇಷ್ಟು ಸಿದ್ಧಾಂತಗಳಿದ್ದರೆ ಅದರರ್ಥ ನಮಗೆ ಪೂರ್ತಿ ಗೊತ್ತಿಲ್ಲ ಎಂದು. ಆದರೆ ಉತ್ತರಪತ್ರಿಕೆಯಲ್ಲಿ ಹಾಗೆ ಬರೆಯಬೇಡ, ಎಲ್ಲ ಸಿದ್ಧಾಂತಗಳನ್ನೂ ಬರೆ ಎಂದೆ.

ನಾನು ಓದುವಾಗ ನಮಗೆ ಹುಬ್ಬಳ್ಳಿಯಲ್ಲಿ ಒಬ್ಬ ಪ್ರೊಫೆಸರರಿದ್ದರು. ಬಿಳಿ ಪ್ಯಾಂಟು, ಬಿಳಿ ಬೂಟು, ಬಲು ದೊಡ್ಡ ಗಂಟಲು. ಎಂಡೊಮೆಟ್ರಿಯೋಸಿಸ್ ಎಂದರೆ ಓದಿದ, ಹಣವಂತ, ತಡವಾಗಿ ಮದುವೆಯಾಗುವ ಹೆಂಗಸರ ಕಾಯಿಲೆ, ನಮ್ಮ ಧರ್ಮಾಸ್ಪತ್ರೆಗೆ ಬರುವವರಿಗೆ ಅದು ಬರುವುದಿಲ್ಲ ಎಂದು ಅವರು ಸಾರುತ್ತಿದ್ದರು. ಆಗಿನ ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು. ನಾನು ಹಿಂದಿನ ಬೆಂಚಿನಿಂದ ಎದ್ದು, "ಸರ್, ಬಡವರ ಹೊಟ್ಟೆಯಲ್ಲಿ ದುರ್ಬೀನು ಹಾಕಿ ಯಾರಾದರೂ ನೋಡ್ಯಾರೇನ್ರೀ?" ಎಂದು ಕೇಳಿದೆ. ದುರ್ಬೀನು ಎಂದರೆ ಲ್ಯಾಪರೊಸ್ಕೋಪು. ಉತ್ತರವಾಗಿ ನನ್ನನ್ನು ಆ ವಾರ ಹೆರಿಗೆ ವಾರ್ಡಿಗೆ ಕಳಿಸಿದರು. ನೋಡದಿದ್ದರೆ ಕಾಣುವುದಿಲ್ಲ, ಕಾಣದಿದ್ದರೆ ಇಲ್ಲ. ವೈದ್ಯಶಾಸ್ತ್ರದ ಎಷ್ಟೋ ಸತ್ಯಗಳು ಈ ದಾರಿಯಿಂದ ಬಂದಿವೆ. ಈಗ ಎಲ್ಲ ವರ್ಗದಲ್ಲೂ, ಹದಿಹರೆಯದವರಲ್ಲೂ ಇದೆ ಎಂದು ಗೊತ್ತಾಗಿದೆ.

ಔಷಧಿಗಳೂ ಬದಲಾದವು. ನಾನು ಕೆಲಸಕ್ಕೆ ಸೇರಿದಾಗ ಡಾನಜೋಲ್ ಎಂಬ ಮಾತ್ರೆಯ ಕಾಲ. ನೋವಿಗೆ ಅದು ಒಳ್ಳೆಯದು, ಆದರೆ ಗಂಡು ಹಾರ್ಮೋನಿನ ಗುಣ: ಮೊಡವೆ, ಮುಖದ ಮೇಲೆ ಕೂದಲು, ದನಿ ಒಡೆಯುವುದು. ಕಲ್ಯಾಣದ ಒಬ್ಬ ಶಾಲಾ ಶಿಕ್ಷಕಿಗೆ ಕೊಟ್ಟಿದ್ದೆವು. ದನಿ ಭಾರವಾಗಿದೆ, ಹಾಗೆಯೇ ಉಳಿದುಬಿಡಬಹುದು, ಮಾತ್ರೆ ನಿಲ್ಲಿಸೋಣ ಎಂದು ನಾನು ಗಾಬರಿಯಿಂದ ಹೇಳಿದರೆ ಅವರು, "ಡಾಕ್ಟರ್, ನೋವೂ ಹೋಗಿದೆ, ಕ್ಲಾಸಿನ ಗಲಾಟೆಯೂ ಹೋಗಿದೆ. ನಾನು ಬಾಯಿ ತೆಗೆದರೆ ಆರನೇ ಕ್ಲಾಸು ಗಪ್‌ಚುಪ್," ಎಂದರು. ಆದರೂ ನಿಲ್ಲಿಸಿದೆವು. ಅವರು ನನ್ನನ್ನು ಕ್ಷಮಿಸಿದ ಹಾಗೆ ಕಾಣಲಿಲ್ಲ.

ಇವೆಲ್ಲ ನನಗೆ ಚೆನ್ನಾಗಿ ನೆನಪಿವೆ, ಅಥವಾ ಹಾಗೆಂದು ಅನಿಸುತ್ತದೆ. ಹಾಗಾದರೆ ಶಾಲಿನಿಯ ಸೀಟೊಂದೇ ಯಾಕೆ ಅಲುಗಾಡುತ್ತದೆ?

ಅವಳು ಆಸ್ಪತ್ರೆಗೆ ಬಂದದ್ದು ಒಬ್ಬಳೇ ಅಲ್ಲ, ತಾಯಿ ಗಿರಿಜಕ್ಕನ ಜೊತೆ. ಉಡುಪಿ ಕಡೆಯವರು, ಠಾಣೆಯ ಮಾಜಿವಾಡಾದಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು, ಅಲ್ಲೇ ಹತ್ತಿರದ ಬಿಲ್ಡಿಂಗಿನಲ್ಲಿ ಮನೆ. ನನ್ನ ಕನ್ನಡ ಕೇಳಿ ಗಿರಿಜಕ್ಕ ಸಾಲು ಬಿಟ್ಟು ನೇರವಾಗಿ ನನ್ನ ಮೇಜಿಗೇ ಬಂದರು.

"ಡಾಕ್ಟ್ರೇ, ಆ ಮುಂದೆ ಹಾಕುವ ಮಾತ್ರೆ ಒಂದು ಬರ್ದು ಕೊಡಿ ಮಾರಾಯ್ರೆ. ಬರುವ ತಿಂಗಳು ಮನೆಯಲ್ಲಿ ಸತ್ಯನಾರಾಯಣ ಪೂಜೆ ಉಂಟು. ಇವಳ ತಾರೀಕು ಸರೀ ಅದೇ ದಿನಕ್ಕೆ ಬರ್ತದೆ. ಇಷ್ಟು ವರ್ಷ ಮೆಡಿಕಲ್ ಶಾಪಿನವ ಸುಮ್ಮನೆ ಕೊಡ್ತಿದ್ದ. ಈಗ ಹೊಸಬ ಬಂದಿದ್ದಾನೆ, ಚೀಟಿ ಬೇಕಂತೆ."

ಮುಟ್ಟನ್ನು ಮುಂದೂಡುವ ಈ ಮಾತ್ರೆ ನಮ್ಮ ಹೊರರೋಗಿ ವಿಭಾಗಕ್ಕೆ ಹೊಸದಲ್ಲ. ಹಬ್ಬಗಳ ಮುನ್ನಾ ವಾರ ಅರ್ಧ ಸಾಲು ಅದಕ್ಕಾಗಿಯೇ ಇರುತ್ತಿತ್ತು. ಅದರ ಬಗ್ಗೆ ನಾನೊಂದು ಉಪದೇಶ ಇಟ್ಟುಕೊಂಡಿದ್ದೆ. ಶುರು ಮಾಡುವಷ್ಟರಲ್ಲಿ ಗಿರಿಜಕ್ಕ ನನ್ನ ಮುಖ ಓದಿದರು.

"ನಿಮ್ಗೆ ನಗೆ ಬರ್ತದೆ. ಊರಲ್ಲಾದ್ರೆ ಹೊರಗೆ ಕೂತ್ಕೊಳ್ಳಿಕ್ಕೆ ಜಗಲಿ ಉಂಟು. ಇಲ್ಲಿ ಅವಳನ್ನು ಎಲ್ಲಿ ಕೂರಿಸುದು ಹೇಳಿ? ಲಿಫ್ಟಿನಲ್ಲಾ?"

ಅಷ್ಟರಲ್ಲಿ ಬಾಗಿಲ ಬಳಿಯಿಂದ ಮೇಡಂ ಕೂಗಿದರು. ಅವರು ಮಾತನಾಡುತ್ತಿದ್ದುದು ಮರಾಠಿಯಲ್ಲಿ. "ಅಗ, ಬಸ್ ನಾ!" ಕೂತುಕೋ ಎಂದು. ಹೇಳಿದ್ದು ಶಾಲಿನಿಗೆ. ಬೆಂಚು ಪೂರ್ತಿ ಖಾಲಿಯಿತ್ತು. ಅವಳು ಅದರ ಪಕ್ಕದ ಗೋಡೆಗೆ ಒಂದು ಕೈ ಊರಿ ನಿಂತಿದ್ದಳು.

"ಠೀಕ್ ಆಹೇ ಮೇಡಂ. ಉಭೀ ರಾಹತೇ." ಪರವಾಗಿಲ್ಲ, ನಿಂತೇ ಇರುತ್ತೇನೆ.

"ಯಾಕವಾ, ಬೆಂಚು ಖಾಲಿ ಅದಲ್ಲ, ಕೂಡಬಾರದೇನು?" ಎಂದು ನಾನೂ ಕೇಳಿದೆ.

ಉತ್ತರ ಬಂದದ್ದು ತಾಯಿಯಿಂದ. "ಇವತ್ತು ಅವಳ ಎರಡನೇ ದಿನ. ಪ್ರತಿ ಸಲ ಹೀಗೇ ನಾಟಕ. ನಮಗೆಲ್ಲ ಬರ್ಲಿಲ್ವಾ ನೋವು? ಮದುವೆ ಆದ್ರೆ ಸರಿ ಹೋಗ್ತದೆ."

ಶಾಲಿನಿ ಮೊದಲ ಸಲ ನೇರವಾಗಿ ನನ್ನನ್ನು ನೋಡಿದಳು. "ಡಾಕ್ಟ್ರೇ, ಮದುವೆ ಆಮೇಲೆ. ಮೊದ್ಲು ನನ್ನ ನೌಕರಿ ಉಳೀಬೇಕು."

ಅವಳಿಗೆ ರಬಾಳೆಯ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಕೆಲವು ತಿಂಗಳಾಗಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಪ್ರತಿ ತಿಂಗಳು ರಜೆ. ಹೀಗೇ ಆದರೆ ಕಾಯಂ ಮಾಡುವುದಿಲ್ಲ ಎಂದು ಮೇಲಿನವರು ಹೇಳಿಯಾಗಿತ್ತು. ಮನೆಯಲ್ಲಿ ಅದಕ್ಕೊಂದು ಪರಿಹಾರವೂ ಸಿದ್ಧವಿತ್ತು: ನೌಕರಿ ಬಿಟ್ಟು ಹೋಟೆಲಿನ ಗಲ್ಲೆಯಲ್ಲಿ, ದುಡ್ಡು ತೆಗೆದುಕೊಳ್ಳುವ ಮೇಜಿನ ಹಿಂದೆ, ಕೂರುವುದು.

"ಗಲ್ಲೆಯಲ್ಲಿ ಎಂತ ಕಷ್ಟ?" ಎಂದರು ಗಿರಿಜಕ್ಕ. "ಇಡೀ ದಿನ ಕೂತ್ಕೊಂಡೇ ಇರುದು."

"ಅಮ್ಮಾ, ನಂಗೆ ಆಗದೇ ಇರುದು ಅದೊಂದೇ!"

ಮೇಡಂಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಜಗಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು. ತಾಯಿ ಮಗಳಿಬ್ಬರನ್ನೂ ಒಳಗೆ ಕರೆದರು. ನಾನು ದುಭಾಷಿ. ಹಳೆಯ ಚೀಟಿಗಳನ್ನು ನೋಡಿದೆವು. ಸೋನೋಗ್ರಫಿ ನಾರ್ಮಲ್. ಎಲ್ಲೋ ಒಮ್ಮೆ ಅಪೆಂಡಿಕ್ಸ್ ಎಂದು ತೆಗೆದದ್ದೂ ಆಗಿತ್ತು, ನೋವು ಮಾತ್ರ ಹಾಗೇ ಇತ್ತು. ಮೇಡಂ ಒಂದೊಂದಾಗಿ ಕೇಳುತ್ತ ಹೋದರು. ನೋವು ಮುಟ್ಟಿಗೆ ಮೊದಲೇ ಶುರುವಾಗುತ್ತದೆಯೇ? ಹೌದು. ವರ್ಷ ಕಳೆದಂತೆ ಹೆಚ್ಚಾಗಿದೆಯೇ? ಹೌದು. ಆ ದಿನಗಳಲ್ಲಿ ಮಲವಿಸರ್ಜನೆಗೆ ನೋವೇ? ಶಾಲಿನಿ ತಾಯಿಯತ್ತ ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದಳು. ಇದನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಹೊಸಬರು ಗಮನಿಸಬೇಕು: ರೋಗಿ ತಾನಾಗಿ ಹೇಳದ, ನಾವು ಕೇಳಲು ನಾಚುವ ಪ್ರಶ್ನೆಯ ಹಿಂದೆಯೇ ಈ ಕಾಯಿಲೆ ಅಡಗಿರುತ್ತದೆ. ಮದುವೆಯಾದವರಲ್ಲಿ ಗಂಡನೊಂದಿಗೆ ಕೂಡುವಾಗಿನ ನೋವು, ಮಕ್ಕಳಾಗದಿರುವುದು ಕೂಡ ಇದೇ ಪಟ್ಟಿಯವು.

ಇಲ್ಲಿಯೇ ಎಲ್ಲೋ ಮೇಡಂ, "ಮತ್ತೆ ರೈಲಿನಲ್ಲಿ ಏನು ಮಾಡ್ತೀ?" ಎಂದು ಕೇಳಿದರು, ಅದಕ್ಕೆ ಶಾಲಿನಿ ಕಿಟಕಿ ಸೀಟಿನ ಮಾತು ಹೇಳಿದಳು ಎಂಬುದು ನನ್ನ ನೆನಪು. ಅಥವಾ ನನ್ನ ಹೊಲಿಗೆ.

ಆಮೇಲಿನದು ಮಾತ್ರ ಸ್ಪಷ್ಟವಾಗಿದೆ. ಗಿರಿಜಕ್ಕ ಹೊರಡಲು ಎದ್ದು, ಮಗಳ ನೋವು ಅಂಥದ್ದೇನಲ್ಲ ಎಂದು ಸಾಧಿಸಲು ಕೊನೆಯ ಬಾಣ ಬಿಟ್ಟರು. "ಶ್ರಾವಣದಿಂದ ದೀಪಾವಳಿ ತನಕ ಇವಳಿಗೆ ಎಂತದೂ ಇಲ್ಲ, ಡಾಕ್ಟ್ರೇ. ಹಬ್ಬದ ಕೆಲಸಕ್ಕೆ ಓಡಾಡ್ತಾಳೆ, ಕಡುಬು ಮಾಡ್ತಾಳೆ, ನಗ್ತಾಳೆ. ದೀಪಾವಳಿ ಮುಗೀತಾ, ಶುರು. ಕಂಪನಿಗೆ ಹೋಗ್ಲಿಕ್ಕೆ ಆದ್ರೆ ಮಾತ್ರ ನೋವಾ? ದೇವರ ಕೆಲಸಕ್ಕೆ ಇಲ್ವಾ?"

ನಾನು ಅನುವಾದಿಸಿದೆ. ಮೇಡಂ ಪೆನ್ನು ಕೆಳಗಿಟ್ಟರು.

"ಶ್ರಾವಣದಿಂದ ದೀಪಾವಳಿವರೆಗೆ ಅವಳು ಏನು ತಗೋತಾಳೆ, ಕೇಳಿ."

ಕೇಳುವ ಅಗತ್ಯವೇ ಇರಲಿಲ್ಲ. ನಾಗರಪಂಚಮಿ, ಗೌರಿ, ಗಣಪತಿ, ನವರಾತ್ರಿ, ದೀಪಾವಳಿ. ಒಂದಕ್ಕಾಗಿ ಶುರು ಮಾಡಿದ ಮಾತ್ರೆ ಮುಂದಿನದಕ್ಕಾಗಿ ನಿಲ್ಲದೆ ನಡೆಯುತ್ತಿತ್ತು. ಮನೆ ಮಡಿಯಲ್ಲಿರಲಿ ಎಂದು ಗಿರಿಜಕ್ಕ ಕೊಡಿಸುತ್ತಿದ್ದ ಆ ಪ್ರೊಜೆಸ್ಟೊಜೆನ್ ಹಾರ್ಮೋನಿನ ಮಾತ್ರೆಯೇ ಎಂಡೊಮೆಟ್ರಿಯೋಸಿಸ್‌ಗೂ ಔಷಧಿ. ಅದು ಒಳಪದರವನ್ನು ಸುಮ್ಮನಾಗಿಸುತ್ತದೆ, ಹೊರಗೆ ಸೀಟು ಹಿಡಿದದ್ದನ್ನೂ ಸುಮ್ಮನಾಗಿಸುತ್ತದೆ. ಮಾತ್ರೆ ನಿಂತ ಕೂಡಲೇ ಎರಡಕ್ಕೂ ಎಚ್ಚರ. ಪ್ರತಿ ವರ್ಷ ಆ ಮನೆಯಲ್ಲಿ, ಯಾರ ಅನುಮತಿಯೂ ಇಲ್ಲದೆ, ಪಂಚಾಂಗವೇ ಒಂದು ಔಷಧಿ ಪ್ರಯೋಗ ನಡೆಸುತ್ತಿತ್ತು, ಫಲಿತಾಂಶವೂ ಬಂದಿತ್ತು. ಅದನ್ನು ದೇವರ ಖಾತೆಗೆ ಹಾಕಿದ್ದರು, ಅಷ್ಟೆ. ಮಾತ್ರೆಗೆ ನೋವು ತಗ್ಗಿತು ಎಂದಮಾತ್ರಕ್ಕೆ ಕಾಯಿಲೆ ಸಾಬೀತಾಗುವುದಿಲ್ಲ. ಬೇರೆ ಮುಟ್ಟುನೋವೂ ಅದಕ್ಕೆ ತಗ್ಗುತ್ತದೆ. ಆದರೆ ಉಳಿದ ಲಕ್ಷಣಗಳ ಜೊತೆ ಸೇರಿದಾಗ ಅನುಮಾನಕ್ಕೆ ತೂಕ ಬಂತು.

"ಹೊಟ್ಟೆಯಲ್ಲಿ ದುರ್ಬೀನು ಹಾಕಿ ನೋಡದೆ ಈ ಕಾಯಿಲೆಯ ಹೆಸರು ಬರೆಯುವುದು ಹೇಗೆ?" ಎಂದು ನಾನು ಶಾಸ್ತ್ರ ತೆಗೆದೆ. ಆಗ ಅದೇ ಪದ್ಧತಿ. ಮೇಡಂ ನಕ್ಕು, "ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಔಷಧಿ ಪೆನ್ನಿನಲ್ಲಿ," ಎಂದರು. ಈಗ ಮಾರ್ಗದರ್ಶಿಗಳೂ ಅಲ್ಲಿಗೇ ಬಂದಿವೆ: ಲಕ್ಷಣಗಳು ಹೊಂದಿದರೆ ಚಿಕಿತ್ಸೆ ಆರಂಭಿಸಬಹುದು, ಎಲ್ಲರಿಗೂ ಮೊದಲೇ ಲ್ಯಾಪರೊಸ್ಕೊಪಿ ಬೇಕಿಲ್ಲ, ನಾರ್ಮಲ್ ಸೋನೋಗ್ರಫಿ ಕಾಯಿಲೆಯನ್ನು ಅಲ್ಲಗಳೆಯುವುದಿಲ್ಲ.

ವರ್ಷವಿಡೀ ಮಾತ್ರೆ ಎಂದಾಗ ಗಿರಿಜಕ್ಕ ಹೌಹಾರಿದರು. "ಬೇಡಪ್ಪ! ಮಾತ್ರೆ ತಿಂದ್ರೆ ಗರ್ಭ ಒಣಗ್ತದೆ."

"ನೀವೇ ಇಷ್ಟು ವರ್ಷ ಕೊಟ್ಟೀರಲ್ಲ ಅಕ್ಕಾರ," ಎಂದೆ.

"ಅದು ದೇವರಿಗೋಸ್ಕರ ತಿಂದದ್ದು. ದೇವರು ನೋಡ್ಕೊಳ್ತಾನೆ. ಇದು ನೀವು ಕೊಡುದು. ಯಾರು ನೋಡ್ಕೊಳ್ಳುದು?"

ನಾನು ಇದನ್ನು ಅನುವಾದಿಸುವಾಗ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಎದೆಯ ಮೇಲೆ ಕೈಯಿಟ್ಟು, "ಮೀ ಬಘೀನ್," ಎಂದರು. ನಾನು ನೋಡಿಕೊಳ್ಳುತ್ತೇನೆ. ಮಾತ್ರೆ ನಿಲ್ಲಿಸಿದರೆ ಮುಟ್ಟು ಮರಳುತ್ತದೆ, ಗರ್ಭ ಒಣಗುವುದಿಲ್ಲ. ಮದುವೆಯೂ ಬಸಿರೂ ಈ ಕಾಯಿಲೆಯ ಔಷಧಿಯಲ್ಲ. ಅಂಗಡಿಯಿಂದ ತಂದು ತಿನ್ನುವ ಬದಲು ಪರೀಕ್ಷೆ ಮಾಡಿಸಿ, ಯಾರಿಗೆ ಕೂಡದು ಎಂದು ತಿಳಿದು ತಿನ್ನಬೇಕು ಎಂದು ವಿವರಿಸಿದರು. ಗಿರಿಜಕ್ಕ ಕೊನೆಗೆ ಕೇಳಿದ್ದು ಒಂದೇ: "ಹಾಗಾದ್ರೆ ಪೂಜೆಗೆ ಬೇರೆ ಮಾತ್ರೆ ಬೇಡವಾ?"

"ಬೇಡ. ಇದರಲ್ಲೇ ಬಂತು."

ಆ ಲಾಭ ಅವರಿಗೆ ಒಪ್ಪಿಗೆಯಾಯಿತು. ನನ್ನ ಉಪದೇಶಗಳಿಂದ ಆಗದ್ದು ಸತ್ಯನಾರಾಯಣನಿಂದ ಆಯಿತು.

ಮೊದಲ ತಿಂಗಳು ಆಗಾಗ ರಕ್ತಸ್ರಾವ ಕಾಣಿಸಿತು, ಶಾಲಿನಿ ಹೆದರಿದಳು. ಆಮೇಲೆ ಸರಿಹೋಯಿತು. ರಜೆ ಹಾಕುವುದು ನಿಂತಿತು. ಒಂದು ಬೆಳಿಗ್ಗೆ ಗಿರಿಜಕ್ಕ ಬಾಳೆಎಲೆಯಲ್ಲಿ ಕಟ್ಟಿದ ಬಿಸಿ ಗೋಳಿಬಜೆ ಹಿಡಿದು ಬಂದು, "ಕಾಯಂ ಆಯ್ತು," ಎಂದು ಇಡೀ ಸಾಲಿಗೆ ಕೇಳಿಸುವಂತೆ ಹೇಳಿದರು. ಕೆಲವು ವರ್ಷಗಳ ನಂತರ, ಮದುವೆಯಾಗಿ ಮಗು ಬೇಕೆಂದಾಗ, ಶಾಲಿನಿ ಮಾತ್ರೆ ನಿಲ್ಲಿಸಿದಳು. ಆ ಮಾತ್ರೆ ನೋವನ್ನು ತಡೆಯುತ್ತದೆಯೇ ಹೊರತು ಬಸಿರಿಗೆ ನೆರವಾಗುವುದಿಲ್ಲ. ನೋವು ಮರಳಿತು, ದುರ್ಬೀನು ಆಪರೇಷನ್ ಆಯಿತು. ಗರ್ಭಕೋಶದ ಹಿಂದಿನ ಆ ತಗ್ಗಿನಲ್ಲಿಯೇ ಕೆಲವು ಗಂಟುಗಳು ಸಿಕ್ಕವು. ಎಷ್ಟು ಸಣ್ಣವೆಂದರೆ ಕಿರಿಯ ವೈದ್ಯನೊಬ್ಬ, "ಇತಕಂಚ್?" ಇಷ್ಟೇನಾ, ಎಂದು ಕೇಳಿದ. ಕಾಯಿಲೆಯ ಗಾತ್ರಕ್ಕೂ ನೋವಿನ ಗಾತ್ರಕ್ಕೂ ಲೆಕ್ಕ ತಾಳೆಯಾಗುವುದಿಲ್ಲ. ಹೊಟ್ಟೆ ತುಂಬ ಅಂಟಿಕೊಂಡಿದ್ದರೂ ನೋವಿಲ್ಲದವರಿದ್ದಾರೆ. ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಪಲ್ಲವಿ ಇಷ್ಟನ್ನೂ ಕೇಳಿ, ಪುಸ್ತಕ ಮುಚ್ಚಿ, ತೀರ್ಪು ಕೊಟ್ಟಳು. "ಮಾತ್ರೆ ವಾಲಾ ಸಚ್ ಹೈ. ಬೆಂಚ್ ಕೂಡ ಠೀಕ್. ಲೇಕಿನ್ ಅಂಕಲ್, ವಿಂಡೋ ಸೀಟ್ ನಿಮ್ದು ಫೇಕ್."

"ಹೆಂಗ ಹೇಳ್ತಿ?"

"ಠಾಣೇ ಮೇಂ ಖಾಲೀ ವಿಂಡೋ ಸೀಟ್? ನಾನು ಡೇಲಿ ಹೋಗ್ತೀನಿ ಅಲ್ಲಿಂದ. ಮತ್ತೆ ನೀವು ಕೂಡ ಒಂದು ನಿಮಿಷ ಕೂತ್ಕೊಳ್ಳಲ್ಲ. ನಿಮ್ಗೂ ಎಂಡೊ ಹೈ ಕ್ಯಾ?"

ನಾನು ಓಡಾಟ ನಿಲ್ಲಿಸಿ ಕೂತೆ. ನಗು ಬಂದರೂ ಮಾತು ಚುಚ್ಚಿತು. ಸೀಟು ಸುಳ್ಳಾದರೆ ಏನಾಯಿತು, ಚಿಕಿತ್ಸೆ ನಿಜವಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಆ ಹುಡುಗಿಯ ನೋವನ್ನು ಎಲ್ಲರೂ ನಾಟಕ ಎಂದಿದ್ದರು. ಅವಳ ಪರವಾಗಿ ಇಷ್ಟು ವರ್ಷ ನಾನು ಒಪ್ಪಿಸುತ್ತ ಬಂದ ಸಾಕ್ಷಿಯೇ ಸುಳ್ಳೆಂದು ಬಯಲಾಗಿದ್ದರೆ, ಅವಳನ್ನು ನಂಬದವರ ಸಾಲಿಗೆ ಒಂದು ತಲೆಮಾರಿನ ವಿದ್ಯಾರ್ಥಿಗಳನ್ನೂ ಸೇರಿಸಿದಂತಾಗುತ್ತಿತ್ತು.

ಪರೀಕ್ಷೆ ಮುಗಿಯಿತು. ಮೌಖಿಕದಲ್ಲಿ ಅವಳಿಗೆ ಎಂಡೊಮೆಟ್ರಿಯೋಸಿಸ್ ಕೇಳಲೇ ಇಲ್ಲ, ಇಕ್ಕಳ ಕೈಗೆ ಕೊಟ್ಟು ಇದರ ಹೆಸರೇನು ಎಂದರಂತೆ. ಪಾಸಾದಳು. ಆ ಖುಷಿಗೆ ಅವಳನ್ನು ಕರೆದುಕೊಂಡು ಮಾಜಿವಾಡಾದ ಆ ಹೋಟೆಲಿಗೆ ಹೋದೆ. ಗಲ್ಲೆಯಲ್ಲಿ ಗಿರಿಜಕ್ಕ, ಕೂದಲು ಪೂರ್ತಿ ಬೆಳ್ಳಗೆ. ವಾರದ ರಜೆಯಿದ್ದ ಶಾಲಿನಿಯೂ ಬಂದಳು. ಅವಳೀಗ ಅದೇ ಕಂಪನಿಯ ಲ್ಯಾಬಿನ ಮೇಲ್ವಿಚಾರಕಿ, ಒಬ್ಬ ಮಗನ ತಾಯಿ. ಬನ್ಸು ತಿನ್ನುತ್ತ ನೇರವಾಗಿ ಕೇಳಿದೆ.

"ಕಿಟಕಿ ಸೀಟಾ?" ಶಾಲಿನಿ ಹುಬ್ಬು ಗಂಟಿಕ್ಕಿದಳು. "ನಾನು ನಿಮ್ಗೆ ಹಾಗೆ ಹೇಳಿದ್ದಾ? ನೆನಪಿಲ್ಲ ಡಾಕ್ಟ್ರೇ. ನಿಂತದ್ದು ನೆನಪುಂಟು."

"ಸೀಟು ಖಾಲಿ ಇತ್ತೇನು?"

"ಆ ದಿನಗಳಲ್ಲಿ ಸೀಟು ಯಾರು ನೋಡ್ತಾರೆ? ಕಂಬ ಇತ್ತು. ಅದನ್ನು ಗಟ್ಟಿ ಹಿಡ್ಕೊಂಡಿದ್ದೆ. ಅಷ್ಟೇ ಗೊತ್ತು."

ಪಲ್ಲವಿ ನನ್ನತ್ತ ಗೆದ್ದವಳಂತೆ ನೋಡಿದಳು. ಸೀಟನ್ನು ನೋಡಿಯೇ ಇರದವಳು ಅದು ಖಾಲಿಯಿತ್ತೆಂದು ನನಗೆ ಹೇಳಿರಲಾರಳು. ತರ್ಕ ಪಲ್ಲವಿಯದೇ ಸರಿ.

"ಹೇಳಿದ್ಳೋ ಬಿಟ್ಳೋ," ಎಂದು ಗಿರಿಜಕ್ಕ ಗಲ್ಲೆಯಿಂದ ಹೇಳಿದರು, "ನಾನು ನಾಟಕ ಅಂದದ್ದು ಮಾತ್ರ ನಿಜ. ಅದನ್ನು ಮಕ್ಕಳಿಗೆ ಕಲಿಸುವಾಗ ಬಿಟ್ಟುಬಿಡಿ ಆಯ್ತಾ?" ಶಾಲಿನಿ, "ಬಿಡ್ಬೇಡಿ ಡಾಕ್ಟ್ರೇ, ಅದನ್ನೇ ಮೊದ್ಲು ಹೇಳಿ," ಎಂದು ನಕ್ಕಳು.

ಹೊರಡುವಾಗ ಒಂದು ವಿಷಯ ಕೇಳಿಟ್ಟುಕೊಂಡೆ. ಆಗ ಶಾಲಿನಿಯದು ಮಧ್ಯಾಹ್ನದ ಪಾಳಿ. ಊಟದ ಹೊತ್ತು ದಾಟಿದ ಮೇಲೆ ಠಾಣೆಯಿಂದಲೇ ಹೊರಡುವ ಗಾಡಿ ಹಿಡಿಯುತ್ತಿದ್ದಳು, ಮಹಿಳೆಯರ ಡಬ್ಬಿ.

ಪಲ್ಲವಿ ದಿನಾ ಹೋಗುತ್ತಿದ್ದುದು ಬೆಳಗಿನ ಗರ್ದಿಯಲ್ಲಿ. ಮಧ್ಯಾಹ್ನ ಅವಳು ಆ ಗಾಡಿ ಹತ್ತಿದ್ದೇ ಇಲ್ಲ. ಮರುವಾರ ಒಂದು ಮಧ್ಯಾಹ್ನ ಇಬ್ಬರೂ ಠಾಣೆಗೆ ಹೋದೆವು. ಮಹಿಳೆಯರ ಡಬ್ಬಿಗೆ ನಾನು ಹತ್ತುವಂತಿಲ್ಲ. ನನ್ನ ಕಥೆಯನ್ನು ನಂಬದವಳನ್ನೇ ಸಾಕ್ಷಿಯಾಗಿ ಹತ್ತಿಸಿದೆ. ಇವತ್ತಿನ ಗಾಡಿ ಅಂದಿನ ಗಾಡಿಯಲ್ಲ, ಒಂದು ದಿನದ ವೀಕ್ಷಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಪಕ್ಕದ ಡಬ್ಬಿಯಲ್ಲಿ, ಅಭ್ಯಾಸಬಲದಿಂದ, ನಿಂತೇ ಹೋದೆ.

ರಬಾಳೆಯಲ್ಲಿ ಇಳಿದಾಗ ಪಲ್ಲವಿ ಪ್ಲ್ಯಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದಳು. ಕೀಟಲೆಯ ಮುಖವಿರಲಿಲ್ಲ. ಗಾಡಿ ಹೊರಟುಹೋಗುವವರೆಗೂ ಅದನ್ನೇ ನೋಡುತ್ತಿದ್ದಳು.

"ಸೀಟ್ ಇತ್ತು, ಅಂಕಲ್," ಎಂದಳು. "ಖಿಡ್ಕೀ ವಾಲೀ. ನಾನೂ ಕೂತಿಲ್ಲ. ಇಲ್ಲಿವರೆಗೂ ಖಾಲಿ."